ಅಪ್ಪನ ಮಾತಿನಲ್ಲಿ ನನ್ನ ಪಾಲು

ಎಪ್ಪತ್ತರ ದಶಕ ಶುರುವಾದಾಗ ನಾವು ರಾಜಾಜಿನಗರದಲ್ಲಿದ್ದೆವು. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತರಾದವರು. ಸಂಜೆ ಕಾರ್ಖಾನೆಯ ಸೈರನ್ ಕೂಗಿ, ಬೀದಿಯಲ್ಲಿ ಸೈಕಲ್ಲುಗಳ ಗದ್ದಲ ಅಡಗಿದ ಮೇಲೆ ಮನೆಯ ಮೆಟ್ಟಿಲ ಮೇಲೆ ಕುಳಿತು, ಬೇರೆ ಅಪ್ಪಂದಿರು ಪೆಪ್ಪರ್‌ಮಿಂಟು ಕೊಟ್ಟ ಹಾಗೆ, ನನಗೊಂದು ಪದ ಕೊಡುತ್ತಿದ್ದರು.

"ಪ್ರಸಾದ ಅಂದ್ರೆ ಏನೇ?"

"ದೇವಸ್ಥಾನದಲ್ಲಿ ಕೊಡ್ತಾರಲ್ಲ, ಪುಳಿಯೋಗರೆ."

ಅಪ್ಪ ನಕ್ಕುಬಿಟ್ಟರು. "ಬೆಳಿಗ್ಗೆ ನಲ್ಲೀಲಿ ಕೆಂಪು ನೀರು ಬರುತ್ತೆ. ಕೊಡದಲ್ಲಿ ಅಲುಗಾಡಿಸದೆ ಬಿಟ್ರೆ ಮಧ್ಯಾಹ್ನಕ್ಕೆ ತಿಳಿಯಾಗುತ್ತಲ್ಲ? ಹಾಗೆ ತಿಳಿಯಾಗೋದೇ ಪ್ರಸಾದ. ಪುಳಿಯೋಗರೆ ಆಮೇಲೆ ಬಂದಿದ್ದು."

ಆ ಮೆಟ್ಟಿಲು ನನ್ನದು ಅಂದುಕೊಂಡಿದ್ದೆ. ನನ್ನನ್ನು ಪಿಯುಸಿಗೆ ವಿಜ್ಞಾನಕ್ಕೆ ಸೇರಿಸಿದವರೂ ಅಪ್ಪನೇ. "ಕನ್ನಡ ಮನೇಲೇ ಇದೆ, ಎಲ್ಲಿ ಹೋಗುತ್ತೆ" ಎಂದರು. ಅದೇ ವರ್ಷ ಎದುರುಮನೆಗೆ ಒಂದು ಸಂಸಾರ ಬಾಡಿಗೆಗೆ ಬಂತು. ಅವರ ಮಗಳಿಗೆ ನನ್ನದೇ ವಯಸ್ಸು, ಕಾಲೇಜಿನಲ್ಲಿ ಕನ್ನಡ ತೆಗೆದುಕೊಂಡಿದ್ದಳು. ಯಾವುದೋ ಪದದ ಅರ್ಥ ಕೇಳಲು ಒಂದು ಸಂಜೆ ಬಂದವಳು ಮರುದಿನವೂ ಬಂದಳು. ನಾನು ಒಳಗೆ ಕೆಮಿಸ್ಟ್ರಿ ಉರುಹೊಡೆಯುತ್ತಿದ್ದರೆ ಹೊರಗೆ ಅವರಿಬ್ಬರ ನಗು. ಬಂದವರೆದುರು ಅಪ್ಪ ಅವಳನ್ನು "ನನ್ನ ಶಿಷ್ಯೆ" ಎಂದು ತೋರಿಸುವರು. ನಾನು ಮಗಳು. ಮಗಳಾಗುವುದಕ್ಕೆ ಏನು ಓದಬೇಕು?

"ಅವಳಿಗೆ ಮಹಾಪ್ರಾಣವೇ ಹೊರಡಲ್ಲ ಕಣಮ್ಮ" ಎಂದು ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಒಗ್ಗರಣೆಯಿಂದ ತಲೆ ಎತ್ತಲಿಲ್ಲ. ಅವತ್ತೇ ಸಂಜೆ ಅವಳು ಅಪ್ಪನನ್ನು, ಮತ್ಸರಕ್ಕೂ ಅಸೂಯೆಗೂ ಏನು ವ್ಯತ್ಯಾಸ ಎಂದು ಕೇಳಬೇಕೇ!

"ಪಕ್ಕದ ಮನೆ ಮಲ್ಲಿಗೆ ಬಳ್ಳಿ ನೋಡಿ ಹೊಟ್ಟೆ ಉರಿದ್ರೆ ಅದು ಮತ್ಸರ" ಎಂದರು ಅಪ್ಪ. "ಆ ಹೂವಿಗೆ ವಾಸನೇನೇ ಇಲ್ಲ ಅಂತ ಸಾರ್ಕೊಂಡು ಬಂದ್ರೆ ಅಸೂಯೆ."

ಕಿಟಕಿಯ ಹಿಂದೆ ನಾನು ಕೆಮಿಸ್ಟ್ರಿ ಪುಸ್ತಕ ಮುಚ್ಚಿದೆ. ನನ್ನಲ್ಲಿ ಎರಡೂ ಇದ್ದವು.

ಬಿ.ಎಸ್ಸಿ. ಮುಗಿಸಿ ನಾನು ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯಕ್ಕೆ ಸೇರಿದೆ. ಮರುವರ್ಷದ ಮಳೆಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತೇಹೋಯಿತು. ಹೇಳಿದ್ದು ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಒಂದು ಪದವೂ ಬರುತ್ತಿರಲಿಲ್ಲ. "ಮಾತಾಡಿಸ್ತಾ ಇರಿ, ಬಂದ್ರೂ ಬರಬಹುದು" ಎಂದರು ಡಾಕ್ಟರು.

ಕೆಲಸದಿಂದ ಬಂದವಳೇ ಅಪ್ಪನ ಮಂಚದ ಬಳಿ ಕೂರುತ್ತಿದ್ದೆ. "ಅಪ್ಪ, ನೀರು ಅನ್ನಿ. ಕಾಫಿ ಅನ್ನಿ." ಅವರು ತುಟಿ ಅಲುಗಿಸಿ, ಸೋತು, ಗೋಡೆಯ ಕಡೆ ಮುಖ ತಿರುಗಿಸುವರು. ಹಗಲು ಹೊತ್ತು, ನಾನಿಲ್ಲದಾಗ, ಎದುರುಮನೆಯ ಅವಳು ಬಂದು ಕೂರುತ್ತಿದ್ದಳು.

ಒಂದು ದಿನ ಗೇಟು ತೆಗೆಯುವಷ್ಟರಲ್ಲೇ ಅಮ್ಮ ಓಡಿಬಂದಳು. "ಮಾತಾಡಿದ್ರು ಕಣೇ! ನಿಮ್ಮಪ್ಪ ಮಾತಾಡಿದ್ರು!"

"ಏನಂದ್ರು?"

"ಇವಳು 'ಶ್ರ' ಅಂತ ಎತ್ಕೊಟ್ಳು, ಅವರು 'ಶ್ರದ್ಧೆ' ಅಂದುಬಿಟ್ರು. ಎಷ್ಟು ಸ್ಪಷ್ಟವಾಗಿ ಅಂತೀಯ!"

ಒಳಗೆ ಹೋದೆ. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು, ಅಪ್ಪ ಅವಳನ್ನೇ ನೋಡುತ್ತಿದ್ದರು. ಸಂತೋಷಪಡಬೇಕಿತ್ತು, ಪಟ್ಟೆ ಕೂಡ. ಆದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಸಂತೋಷಕ್ಕಲ್ಲ. ಶ್ರದ್ಧೆ ಎಂದರೆ ಹೃದಯವನ್ನು ಒಂದು ಕಡೆ ಇಡುವುದು ಎಂದು ಆ ಮೆಟ್ಟಿಲ ಮೇಲೆ ಮೊದಲು ಕೇಳಿದವಳು ನಾನು. ಅದನ್ನು ಎತ್ತಿಕೊಡಬೇಕೆಂದು ನನಗೇಕೆ ಹೊಳೆಯಲಿಲ್ಲ? ನೀರು, ಕಾಫಿ ಎಂದು ರೋಗಿಗೆ ಹೇಳಿಕೊಡುವ ಪದಗಳನ್ನು ಮೇಷ್ಟ್ರ ಮುಂದಿಟ್ಟಿದ್ದೆ.

ಅಲ್ಲಿಂದ ಅವಳು ಒಂದೊಂದನ್ನೇ ಹಿಂದಕ್ಕೆ ತಂದಳು. ಕರುಣೆ, ಸಮಾಧಾನ, ಸಂಯಮ. ದೊಡ್ಡ ಪದಗಳ ಬೆನ್ನಿಗೆ ಚಿಕ್ಕವೂ ಬಂದವು. ಅಪ್ಪ ಕಾಫಿ ಕೇಳುವಂತಾದರು. ನಾನು ಪಾಳಿ ಬದಲಾಯಿಸಿಕೊಂಡು ಮಧ್ಯಾಹ್ನ ಮನೆಯಲ್ಲಿರತೊಡಗಿದೆ. ನಾನೂ ಎತ್ತಿಕೊಡುತ್ತಿದ್ದೆ. ಅಪ್ಪ ಉತ್ತರಿಸುತ್ತಿದ್ದರು, ಆದರೆ ಕಣ್ಣು ಬಾಗಿಲ ಕಡೆಗೇ.

ಆಮೇಲೆ ಅವಳು ಮದುವೆಯಾಗಿ ಕೆಂಗೇರಿಗೆ ಹೋದಳು. ಚಪ್ಪರ ಬಿಚ್ಚಿದ ದಿನ ನನಗೆ ಹಗುರವೆನಿಸಿತು. ಅಪ್ಪ ಮಾತ್ರ ಮತ್ತೆ ಗೋಡೆ ನೋಡತೊಡಗಿದರು. ಏನು ಎತ್ತಿಕೊಟ್ಟರೂ ಒಂದೇ ಉತ್ತರ: "ಕೆಂಗೇರಿ."

"ಒಂದ್ಸಲ ಕರ್ಕೊಂಡು ಹೋಗಿ ಬಾರೇ" ಎಂದಳು ಅಮ್ಮ.

ಭಾನುವಾರ ಕರೆದುಕೊಂಡು ಹೊರಟೆ. ಮಾರ್ಕೆಟ್‌ನಲ್ಲಿ ಬಸ್ಸು ಬದಲಾಯಿಸಿ, ಮೈಸೂರು ರಸ್ತೆಯ ಧೂಳು ಕುಡಿದು ಅವಳ ಮನೆ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಅವಳು ಬಾಗಿಲಲ್ಲೇ ಕಾಲಿಗೆ ಬಿದ್ದಳು. ಆಗ ಅಪ್ಪ ಒಂದು ಇಡೀ ವಾಕ್ಯ ಹೇಳಿದರು. ಕಾಯಿಲೆ ಬಿದ್ದ ಮೇಲೆ ಅದೇ ಮೊದಲನೆಯದು. "ಸುಖವಾಗಿದೀಯೇನಮ್ಮ?"

ನಾನು ಹಿಂದೆ, ಕೊಡೆ ಮತ್ತು ಅಪ್ಪನ ಚಪ್ಪಲಿ ಹಿಡಿದು ನಿಂತಿದ್ದೆ.

ಊಟಕ್ಕೆ ಹೋಳಿಗೆ ಮಾಡಿದ್ದಳು. ಚೆನ್ನಾಗಿತ್ತು. ಹೂರಣ ಸ್ವಲ್ಪ ಒಣಗಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅಪ್ಪ ಕಿಟಕಿಯ ಪಕ್ಕ ಕುಳಿತರು. ಬಳಿಕ, "ಅವಳು... ಜಾಣೆ" ಎಂದರು.

"ಹೂಂ."

"ನೀನು..." ಎಂದು ನನ್ನ ಕಡೆ ತಿರುಗಿದರು. ಬಾಯಿ ತೆರೆದೇ ಇತ್ತು, ಪದ ಬರಲಿಲ್ಲ. "ಗ... ಗಟ್ಟಿ. ಅಲ್ಲ." ತಲೆಯಾಡಿಸಿದರು. "ನೀನು... ಆಸರೆ. ಅಲ್ಲ, ಅಲ್ಲ." ಅದಲ್ಲದ ಇನ್ನೇನೋ ಒಂದು ಪದ ಅವರಿಗೆ ಬೇಕಿತ್ತು. ಕಣ್ಣು ಮುಚ್ಚಿ ಹುಡುಕಿದರು, ತೊಡೆಯ ಮೇಲೆ ಎಡಗೈಯ ಬೆರಳಿನಿಂದ ಬರೆದು ನೋಡಿದರು. ಎತ್ತಿಕೊಡಲು ನನಗೆ ಸಾಧ್ಯವಿರಲಿಲ್ಲ, ಅದು ಯಾವ ಅಕ್ಷರದಿಂದ ಶುರುವಾಗುತ್ತದೆ ಎಂದು ನನಗೇನು ಗೊತ್ತು? ಮಾರ್ಕೆಟ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದ ಮೇಲೂ ಅವರು ಅದನ್ನೇ ತಡಕಾಡುತ್ತಿದ್ದರು. ಹಿಂದಿನ ಸೀಟಿನವರು ನಗುತ್ತಿದ್ದುದು ಅವರಿಗೆ ಕೇಳಿಸಲೇ ಇಲ್ಲ.

ಅವಳಿಗಾಗಿ ಅಪ್ಪ ಇಷ್ಟು ಕಷ್ಟಪಟ್ಟದ್ದನ್ನು ನಾನು ನೋಡಿರಲಿಲ್ಲ. ಅವಳಿಗೆ ಎಲ್ಲ ಪದವೂ ಸಲೀಸಾಗಿ ಸಿಕ್ಕಿದ್ದವು.

"ಇರಲಿ ಬಿಡಿ ಅಪ್ಪ, ನಾಳೆ ಹೇಳಿದ್ರಾಯ್ತು" ಎಂದೆ. ಆದರೆ ಅವರು ಬಿಡಲಿ ಎಂದು ನನಗೆ ಅನಿಸಿರಲಿಲ್ಲ. ನಮ್ಮ ಸ್ಟಾಪು ಬಂದಾಗಲೂ ಅವರ ತುಟಿ ಅಲುಗುತ್ತಲೇ ಇತ್ತು. ಕಂಡಕ್ಟರು "ಬೇಗ ಇಳೀರಿ ತಾತ" ಎಂದು ಗದರಿದ. ನಾನು ಅವನ ಕಡೆ ತಿರುಗಿ, "ಒಂದ್ನಿಮಿಷ ಇರ್ರೀ, ಅವರು ಮಾತಾಡ್ತಾ ಇದಾರೆ" ಎಂದೆ.