ಓದಲು ಬಾರದ ಮಕ್ಕಳು ಅಂದು ಬಂದಿರಲಿಲ್ಲ

ಕೊರೊನಾ ಕಾಲದಲ್ಲಿ ಮುಚ್ಚಿದ್ದ ಶಾಲೆಗಳು ತೆರೆದ ಮರುವರ್ಷದ ಮಾತು. ನಾನಾಗ ಹಾವೇರಿಯಲ್ಲಿ ಶಿಕ್ಷಕರ ತರಬೇತಿಯ ಉಪನ್ಯಾಸಕಿ. ನಿವೃತ್ತಿ ಹತ್ತಿರ ಬಂದಿತ್ತು. ಒಂದು ವಿಶ್ವವಿದ್ಯಾಲಯದವರು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪಟ್ಟಣಗಳ ಸರ್ಕಾರಿ ಶಾಲೆಗಳಲ್ಲಿ ಸಂಶೋಧನೆಗೆ ಬಂದಾಗ ಸ್ಥಳೀಯ ಸಂಯೋಜಕಿಯ ಕೆಲಸ ನನ್ನ ಹೆಗಲಿಗೆ ಬಿತ್ತು. ಯೋಜನೆ ಸರಳವಾಗಿತ್ತು. ಮೊದಲು ಬೇಸ್‌ಲೈನ್ ಟೆಸ್ಟ್, ಅಂದರೆ ಮಕ್ಕಳು ಸದ್ಯ ಎಷ್ಟು ಓದಬಲ್ಲರು ಎಂಬ ಅಳತೆ. ತೀರಾ ಹಿಂದುಳಿದ ಶಾಲೆಗಳಿಗೆ ಜೂನ್‌ನಿಂದ ಒಬ್ಬೊಬ್ಬ ವಿಶೇಷ ಶಿಕ್ಷಕಿ. ವರ್ಷದ ಕೊನೆಗೆ ಮತ್ತೆ ಅಳತೆ. ಯಾವ ರೀತಿ ಕಲಿಸಿದರೆ ಮಗು ಓದುತ್ತದೆ ಎಂದು ಗೊತ್ತಾದರೆ ಅದನ್ನೇ ಎಲ್ಲ ಶಾಲೆಗಳಿಗೂ ತರಬಹುದು. ಜೀವನವೆಲ್ಲ ಸುತ್ತೋಲೆ ಓದಿ ಸುಸ್ತಾಗಿದ್ದ ನನಗೆ ಕೊನೆಗೂ ಒಂದು ಬುದ್ಧಿವಂತ ಕೆಲಸ ಕಂಡಂತಾಯಿತು.

ಬ್ಯಾಡಗಿಯ ಒಂದು ಶಾಲೆಯ ಮೇಲೆ ನನ್ನ ಕಣ್ಣಿತ್ತು. ಹೆಸರು ಬೇಡ. ಅಲ್ಲಿನ ಬಹುಪಾಲು ತಾಯಂದಿರು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯವರು. ಐದನೇ ತರಗತಿಯ ರೇಣುಕಾ ಶಾಲೆ ಮುಚ್ಚಿದ್ದ ದಿನಗಳಲ್ಲಿ ಕಲಿತ ಅಕ್ಷರಗಳನ್ನೆಲ್ಲ ಮರೆತಿದ್ದಳು. ಬೋರ್ಡಿನ ಮೇಲಿದ್ದುದನ್ನು ಅಂದವಾಗಿ ನಕಲು ಮಾಡುವಳು, ಆದರೆ ತಾನು ಬರೆದದ್ದನ್ನು ತಾನೇ ಓದಲಾರಳು. ಅವಳ ತಾಯಿ ಗಂಗವ್ವ ಒಂದು ದಿನ ನನ್ನನ್ನು ಗೇಟಿನಲ್ಲೇ ತಡೆದಳು.

“ಅಕ್ಕೋರ, ಓದಾಕನ ಬರಂಗಿಲ್ಲ, ಆರನೇ ಕ್ಲಾಸಿಗೆ ಹೋಗಿ ಇಕಿ ಏನ್ ಮಾಡ್ತಾಳ್ರಿ? ಹಿಂಗಾದ್ರ ಸಾಲಿ ಬಿಡಿಸಿ ನನ್ ಕೂಡ ಕೆಲಸಕ್ಕ ಕರ್ಕೊಂಡು ಹೋಗ್ತೇನಿ.”

“ಟೀಚರ್ ಬರ್ತಾರ, ಒಂದು ವರ್ಷ ತಡಿಯವ್ವಾ” ಎಂದು ಮಾತು ಕೊಟ್ಟೆ.

ಟೆಸ್ಟ್ ಆಯಿತು, ಫಲಿತಾಂಶ ಬಂತು. ಆ ಶಾಲೆಯ ಮಕ್ಕಳ ಓದು ಉತ್ತಮ, ವಿಶೇಷ ಶಿಕ್ಷಕಿಯ ಅಗತ್ಯವಿಲ್ಲ! ಟೆಸ್ಟ್ ದಿನ ನಾನು ರಾಣೇಬೆನ್ನೂರಿನಲ್ಲಿದ್ದೆ. ಸುದ್ದಿ ಕೇಳಿದ ಮರುದಿನವೇ ಬ್ಯಾಡಗಿ ಬಸ್ಸು ಹತ್ತಿದೆ. ಹೆಡ್‌ಮಾಸ್ತರ ಈರಪ್ಪನವರು ಚಹಾ ತರಿಸಿದರು, ಕೆದಕಿ ಕೇಳಿದ ಮೇಲೆ ಬಾಯಿಬಿಟ್ಟರು. ನಡೆದದ್ದು ಇಷ್ಟು. ತಪಾಸಣೆಗೆ ಸಾಹೇಬರು ಬರುತ್ತಾರೆಂದರೆ ಓದಲು ಬಾರದ ಮಕ್ಕಳಿಗೆ ಹಿಂದಿನ ಸಂಜೆಯೇ ‘ನಾಳೆ ಬರಬ್ಯಾಡ್ರಿ’ ಎಂದು ಹೇಳುವ ಹಳೆಯ ರೂಢಿ ಅಲ್ಲಿತ್ತು. ಸಂಶೋಧಕರು ಬಂದಾಗಲೂ ಹಾಗೇ ಮಾಡಿದ್ದರು. ಅಂದು ಮೆಣಸಿನಕಾಯಿ ಮಾರುಕಟ್ಟೆಯ ದಿನ ಬೇರೆ. ಮಕ್ಕಳು ತಾಯಂದಿರ ಹಿಂದೆ ಹೋಗಿದ್ದಾರೆ ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. “ಇದು ತಪಾಸಣೆ ಅಲ್ಲ ಅಂತ ಮೀಟಿಂಗಿನ್ಯಾಗ ಬಾಯಿ ನೋಯೋಹಂಗ ಹೇಳಿದ್ದೆನಲ್ರಿ ಸರ್! ಮಕ್ಕಳಿಗೆ ಓದಾಕ ಬರಂಗಿಲ್ಲ ಅಂತ ತೋರಿಸಿದ್ರ ಟೀಚರ್ ಸಿಗ್ತಿದ್ರು!”

“ಮೇಡಂ, ಅವರೂ ಕಾರಿನ್ಯಾಗ ಬಂದ್ರು, ಮಕ್ಕಳನ್ನ ಓದಿಸಿ ಮಾರ್ಕ್ಸ್ ಹಾಕ್ಕೊಂಡ್ರು. ಫರಕ್ ಹೆಂಗ ಗೊತ್ತಾಗಬೇಕ್ರಿ? ಖರೇ ಹೇಳಿದವ್ರಿಗೆ ಇಲ್ಲೀತನಕ ನೋಟಿಸ್ ಬಂದಾವ, ಟೀಚರ್ ಬಂದಿಲ್ಲ.”

ನಡೆದದ್ದನ್ನು ಬರೆದುಕೊಡಿ, ಇನ್ನೊಮ್ಮೆ ಟೆಸ್ಟ್ ಮಾಡಿಸುತ್ತೇನೆ ಎಂದು ಗಂಟುಬಿದ್ದೆ. ಬಹಳ ಹಿಂದೆ ಮುಂದೆ ನೋಡಿ, ಕೊನೆಗೆ ಬರೆದುಕೊಟ್ಟರು. ಆದರೆ ಸಂಶೋಧನಾ ತಂಡದ ಮುಖ್ಯಸ್ಥರು ಫೋನಿನಲ್ಲಿ ಬಹಳ ವಿನಯದಿಂದ ಹೇಳಿದರು: “ಒಂದೇ ಶಾಲೆಗೆ ಎರಡನೇ ಅವಕಾಶ ಕೊಟ್ಟರೆ ಹೋಲಿಕೆ ಕೆಡುತ್ತೆ ಮೇಡಂ. ಡೇಟಾ ಕ್ಲೋಸ್ ಆಗಿದೆ. ಬೇಕಾದರೆ ವರದಿಯಲ್ಲಿ ಒಂದು ಅಡಿಟಿಪ್ಪಣಿ ಹಾಕ್ತೀವಿ.” ಅಡಿಟಿಪ್ಪಣಿ ರೇಣುಕಾಳಿಗೆ ಓದು ಕಲಿಸುತ್ತದೆಯೇ?

ಆ ಪತ್ರದ ಪ್ರತಿ ತಲುಪಿದ್ದ ಇಲಾಖೆಯ ಮೇಲಿನ ಕಚೇರಿಯಂತೂ ಇನ್ನೂ ಚುರುಕು. ಈರಪ್ಪನವರ ಬರಹವನ್ನೇ ಆಧಾರ ಮಾಡಿಕೊಂಡು ಅವರಿಗೆ ಕಾರಣ ಕೇಳಿ ನೋಟಿಸ್ ಕೊಟ್ಟಿತು. ಸುಳ್ಳಿಗೆ ಶಹಬ್ಬಾಸ್, ಸತ್ಯಕ್ಕೆ ನೋಟಿಸ್! ನಾನು ಹೋಗಿ ಕೂಗಾಡಿದೆ. “ರಿಟೈರ್ ಆಗೋ ವಯಸ್ಸಿನ್ಯಾಗ ಬಿಪಿ ಏರಿಸ್ಕೋಬ್ಯಾಡ್ರಿ” ಎಂಬ ಉಪದೇಶ ಸಿಕ್ಕಿತು. ಬಿಪಿ ಏರಿತು, ಟೀಚರ್ ಬರಲಿಲ್ಲ.

ಸಂಶೋಧನೆಯೇ ದಂಡ ಎಂದು ಬೈಯಲೂ ನನಗೆ ಬಾಯಿಲ್ಲ. ಶಿಕ್ಷಕಿ ಸಿಕ್ಕ ರಾಣೇಬೆನ್ನೂರಿನ ಶಾಲೆಯಲ್ಲಿ ರೇಣುಕಾಳಂಥ ಮಕ್ಕಳೇ ಅಂಗಡಿಗಳ ಬೋರ್ಡು ಓದುತ್ತಾ ಮನೆಗೆ ಹೋಗುವುದನ್ನು ಆ ವರ್ಷ ಕಣ್ಣಾರೆ ಕಂಡೆ. ಸಂತೋಷವಾಗಬೇಕಿತ್ತು, ಹೊಟ್ಟೆ ಉರಿಯಿತು.

ನಿವೃತ್ತಿಗೆ ಮುಂಚೆ ಕೊನೆಯ ಸಲ ಬ್ಯಾಡಗಿಯ ಆ ಶಾಲೆಗೆ ಹೋದೆ. ಬರುತ್ತೇನೆಂದು ಮುಂಚೆಯೇ ಫೋನ್ ಮಾಡಿದ್ದೆ. ಆರನೇ ತರಗತಿಯಲ್ಲಿ ರೇಣುಕಾ ಕಾಣಲಿಲ್ಲ. ಗಂಗವ್ವ ಆಡಿದ್ದನ್ನು ಮಾಡಿಯೇಬಿಟ್ಟಳೇ ಎಂದುಕೊಂಡೆ. ತೊಟ್ಟು ಬಿಡಿಸುವ ಶೆಡ್ಡಿಗೆ ನಡೆದೆ. ಘಾಟಿಗೆ ಸೀನುತ್ತಾ ಹುಡುಕಿದರೆ, ಹುಡುಗಿ ತಾಯಿಯ ಪಕ್ಕ ಕುಳಿತಿದ್ದಳು. “ಸಾಲಿ ಬಿಟ್ಟಿಯೇನವ್ವಾ?” ಎಂದೆ.

“ಇಲ್ರಿ ಅಕ್ಕೋರ. ಇವತ್ತ ನೀವು ಬರ್ತೀರಂತ ಸರ್ ಬರಬ್ಯಾಡ ಅಂದ್ರು. ನೀವು ಹೋದಮ್ಯಾಲ ಹೋಗ್ತೇನ್ರಿ.”

ಮಕ್ಕಳಿಗೆ ಓದಲು ಬಾರದು ಎಂದು ನಿಜ ಹೇಳಿದವರನ್ನು ಹೆದರಿಸುವ ಕಡೆ ಯಾವ ಸಂಶೋಧನೆಯೂ ಶಾಲೆಯನ್ನು ಸುಧಾರಿಸಲಾರದು. ನನ್ನ ವೃತ್ತಿ ನನಗೆ ಕಲಿಸಿದ್ದು ಇದು, ಅದೂ ಕೈಯಲ್ಲಿ ಅಧಿಕಾರವೇ ಇಲ್ಲದ ಹೊತ್ತಿನಲ್ಲಿ. ರೇಣುಕಾಳ ಕೈ ಹಿಡಿದು ಶಾಲೆಯ ತನಕ ಕರೆತಂದೆ. ಗೇಟಿನಲ್ಲಿ ಕೈ ಕೊಸರಿಕೊಂಡು ನಿಂತುಬಿಟ್ಟಳು. ಎಷ್ಟು ಕರೆದರೂ ನನ್ನ ಜೊತೆ ಒಳಗೆ ಬರಲೊಲ್ಲಳು. ಕೊನೆಗೆ ನಾನೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆ. ತಿರುವಿನಲ್ಲಿ ಹಿಂತಿರುಗಿ ನೋಡಿದೆ; ಹುಡುಗಿ ಒಳಗೆ ಓಡುತ್ತಿದ್ದಳು.