ಬೋರ್ಡ್ ನೋಡಿ ಬರೆದ ಸಮೀಕ್ಷೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮುಗಿಸಿ ಚಿಂಚೋಳಿ ತಾಲೂಕಿಗೆ ಬರುವಷ್ಟರಲ್ಲಿ ನನಗೆ ಈ ಸಮೀಕ್ಷೆಯ ಮೇಲಿನ ನಂಬಿಕೆ ಅರ್ಧ ಹೋಗಿತ್ತು. ಉಳಿದದ್ದು ಸುಲೇಪೇಟದ ಆಚೆಯ ಒಂದು ಹೈಸ್ಕೂಲಿನಲ್ಲಿ ಹೋಯಿತು. ನನ್ನದು ಗುತ್ತಿಗೆ ನೌಕರಿ. ಮಕ್ಕಳು ಗುಟ್ಕಾ ತಿನ್ನುತ್ತಾರಾ, ಬೀಡಿ ಸೇದುತ್ತಾರಾ, ಹೊಡೆದಾಡುತ್ತಾರಾ ಎಂದು ಹಾಳೆ ಹಂಚಿ ಉತ್ತರ ಬರೆಸಿಕೊಳ್ಳುವುದು. ತಂಬಾಕಿನ ಚಟ ಜಾಸ್ತಿ ಕಂಡ ಶಾಲೆಗೆ ಹಲ್ಲಿನ ಡಾಕ್ಟರರ ವ್ಯಾನು ಹೋಗುತ್ತದೆ.

ಹತ್ತನೆಯ ತರಗತಿಯಲ್ಲಿ ಹಾಳೆ ಹಂಚಿ ಮುಗಿದಿರಲಿಲ್ಲ, ಮಾಸ್ತರರು ಚಾಕ್‌ಪೀಸ್ ಹಿಡಿದರು.

“ನೀವು ಕುಂದ್ರಿ ಮೇಡಂ, ಚಾ ಕುಡೀರಿ. ನಾ ಬರಸ್ತೀನಿ.”

ಬೋರ್ಡಿನ ಮೇಲೆ ಒಂದರ ಕೆಳಗೊಂದು ‘ಇಲ್ಲ’ ಇಳಿಯತೊಡಗಿದವು. ಹೆಸರು ಬರೆಯಬೇಕಿಲ್ಲ, ಇದು ಪರೀಕ್ಷೆಯಲ್ಲ ಎಂದು ನಾನು ಗಂಟಲು ಹರಿದುಕೊಂಡೆ. ಕೇಳುವವರು ಯಾರು? ಮೇಲಿನಿಂದ ಬಂದ ಕಾಗದವೆಂದರೆ ಬೋರ್ಡ್ ನೋಡಿ ಬರೆಯುವುದೇ ಇಲ್ಲಿನ ರೂಢಿ. ಮಕ್ಕಳು ಸ್ಕೇಲಿಟ್ಟು ಮಾರ್ಜಿನ್ ಬೇರೆ ಎಳೆದರು. ಜಗಳದಲ್ಲಿ ಬಲಗೈ ಮುರಿದುಕೊಂಡವನೊಬ್ಬ, ಹೊಡೆದಾಟದಲ್ಲಿ ಗಾಯವಾಗಿದೆಯೇ ಎಂಬ ಪ್ರಶ್ನೆಗೆ ಎಡಗೈಯಲ್ಲಿ ‘ಇಲ್ಲ’ ಬರೆದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬಿಸಿಯೂಟದ ಹೊತ್ತಿಗೆ ಅದೇ ತರಗತಿಯ ಹುಡುಗಿಯೊಬ್ಬಳು ಅನ್ನ ಹಿಸುಕಿ, ಚೂರುಚೂರೇ ತುಟಿಯೊಳಗೆ ದೂಡುತ್ತಿದ್ದಳು. ಬಾಯಿ ತೆರೆ ಅಂದೆ. ಒಂದು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಗುಟ್ಕಾ ತಿಂದವರ ದವಡೆ ಹೀಗೆ ಬಿಗಿದುಕೊಳ್ಳುವುದನ್ನು ಬೇರೆ ಊರುಗಳಲ್ಲೂ ನೋಡಿದ್ದೆ.

“ಇಷ್ಟೇ ಬರ್ತದ್ರಿ ಅಕ್ಕೋರೆ. ಖಾರ ಹತ್ತಿದ್ರ ಭಾಳ ಉರೀತದ.”

“ಗುಟ್ಕಾ ತಿಂತೀ?”

“ತೊಗರಿ ರಾಶಿಗೆ ಹೋದಾಗ ಹಸಿವು ಗೊತ್ತಾಗಬಾರ್ದಂತ ಅವ್ವ ಕೊಡ್ತಾಳ್ರಿ. ಆಕಿನೂ ತಿಂತಾಳ.”

“ಮತ್ತ ಇಲ್ಲ ಅಂತ ಯಾಕ ಬರ್ದಿ?”

“ಬೋರ್ಡ್ ಮ್ಯಾಲ ಹಂಗೇ ಇತ್ತಲ್ರಿ. ತಪ್ಪು ಬರದ್ರ ಮಾರ್ಕ್ಸ್ ಹೋಗ್ತಾವ.”

ಇನ್ನೊಮ್ಮೆ ಬರೆಸೋಣವೆಂದು ಹೆಡ್‌ಮಾಸ್ತರರ ಮುಂದೆ ನಿಂತೆ. “ನಮ್ಮ ಸಾಲಿ ಹೆಸರೇ ಯಾಕ ಕೆಡಬೇಕ್ರಿ?” ಅಂದರು. ನಮ್ಮ ಆಫೀಸಿಗೆ ಫೋನ್ ಮಾಡಿದರೆ, ಬಂದದ್ದನ್ನು ಬಂದ ಹಾಗೇ ಕಳಿಸಿ ಅಂದರು. ಮಗಳನ್ನು ಕಲಬುರಗಿಯ ದೊಡ್ಡ ಆಸ್ಪತ್ರೆಗೆ ತೋರಿಸು ಎಂದು ಆ ಹುಡುಗಿಯ ಅವ್ವನಿಗೆ ಹೇಳಿ ಕಳಿಸಿದೆ. ರಾಶಿ ಮುಗೀಲಿ ಎಂದು ಉತ್ತರ ಬಂತು.

ಪಕ್ಕದೂರಿನ ಶಾಲೆಯಲ್ಲಿ ಸಮೀಕ್ಷೆಯ ದಿನ ಮಾಸ್ತರರು ರಜೆಯಲ್ಲಿದ್ದರು. ಪುಣ್ಯಕ್ಕೆ ಅಲ್ಲಿನ ಮಕ್ಕಳು ಇದ್ದದ್ದನ್ನೇ ಬರೆದಿದ್ದರು. ವ್ಯಾನು ಅಲ್ಲಿಗೆ ಹೋಯಿತು. ಈ ಶಾಲೆಗೆ ಸಿಕ್ಕಿದ್ದು ‘ತಂಬಾಕುಮುಕ್ತ ಶಾಲೆ’ ಎಂಬ ಫಲಕ. ಗೇಟಿಗೆ ಅದನ್ನು ಹಾಕುವ ದಿನ ನನ್ನನ್ನೂ ಕರೆದು ಶಾಲು ಹೊದಿಸಿದರು.

ಪ್ರತಿಜ್ಞೆ ಓದಿಸಲು ತರಗತಿಯ ಜಾಣೆಯನ್ನು ಮೈಕಿನ ಮುಂದೆ ನಿಲ್ಲಿಸಿದ್ದರು. ಅದೇ ಹುಡುಗಿ. ಮಾತು ಹಲ್ಲಿನ ಹಿಂದೆಯೇ ಉಳಿಯುತ್ತಿತ್ತು.

“ಬಾಯಿ ತೆರದು ಜೋರಾಗಿ ಓದು!” ಮಾಸ್ತರರು ಹಿಂದಿನಿಂದ ಗದರಿದರು.

ಅವಳು ಎಡಗೈಯಲ್ಲಿ ಪ್ರತಿಜ್ಞೆಯ ಹಾಳೆ ಹಿಡಿದು, ಬಲಗೈಯಿಂದ ಗದ್ದವನ್ನು ಕೆಳಗೆ ಜಗ್ಗಿ ಹಿಡಿದುಕೊಂಡು ಓದತೊಡಗಿದಳು.