ಮೆಣಸು ಕಚ್ಚುತ್ತಿದ್ದ ಹಲ್ಲು

ಎರಡು ಹಲ್ಲು ತುಂಬಿಸಿದ್ದಕ್ಕೆ ಮೂರು ಸಾವಿರ ರೂಪಾಯಿ. ಸಕಲೇಶಪುರದ ಹಲ್ಲಿನ ಡಾಕ್ಟರಮ್ಮ ಒಂದು ರೂಪಾಯಿಯನ್ನೂ ಬಿಡಲಿಲ್ಲ. ಊರೂರಿನ ಕಣಗಳಲ್ಲಿ ನಿಂತು ಕಾಳುಮೆಣಸಿನ ದರ ಇಳಿಸಿ ಇಳಿಸಿಯೇ ಸ್ವಂತ ಪಿಕಪ್ ಗಾಡಿ ಮಾಡಿಕೊಂಡವಳು ನಾನು. ಆದರೆ ಬಾಯಿ ಅಗಲಿಸಿಕೊಂಡು ಮಲಗಿದವಳು ಚೌಕಾಸಿ ಮಾಡುವುದಾದರೂ ಹೇಗೆ?

ಸಿಹಿ ತಿಂದು ಕೆಟ್ಟ ಹಲ್ಲುಗಳಲ್ಲ ಅವು. ಯಸಳೂರಿನ ಕಡೆಯ ತಿರುವುಗಳಲ್ಲಿ ನನಗೆ ಹೊಟ್ಟೆ ತೊಳಸುತ್ತದೆ. ಅದಕ್ಕೆ ಉಪ್ಪು ಹಚ್ಚಿದ ಹುಣಸೆಯನ್ನು ಎಡದವಡೆಗೆ ಒತ್ತರಿಸಿಕೊಂಡೇ ಗಾಡಿ ಹತ್ತುತ್ತಿದ್ದೆ. ಮನೆಗೆ ಬಂದ ಕೂಡಲೇ ಗಸಗಸ ಹಲ್ಲುಜ್ಜುತ್ತಿದ್ದೆ. ಅದೇ ಶುಚಿಯೆಂದು ನಂಬಿದ್ದೆ. ಕೊನೆಗೆ ತಣ್ಣೀರು ತಾಕಿದರೂ ಎಡಗಡೆ ಜುಮ್ಮೆನ್ನತೊಡಗಿತು.

"ಹಲ್ಲಿನ ಮೇಲೆ ಎನಾಮಲ್ ಅಂತ ಗಟ್ಟಿ ಪದರ ಇರುತ್ತಮ್ಮ," ಎಂದರು ಡಾಕ್ಟರಮ್ಮ. "ಹುಳಿ ಅದನ್ನ ಮೆತ್ತಗೆ ಮಾಡುತ್ತೆ. ಮೆತ್ತಗಾದಾಗಲೇ ನೀವು ಬ್ರಶ್ ಹಾಕಿ ಕೆರೆದಿದ್ದೀರಿ. ಹೋದದ್ದು ಮತ್ತೆ ಬೆಳೆಯಲ್ಲ, ತುಂಬಿಸ್ಬೇಕು."

"ಕಡಿಮೆ ಬೆಲೇದು ಯಾವುದೈತೆ?"

"ಸಿಮೆಂಟ್ ಥರದ್ದು ಇದೆ. ಆದ್ರೆ ಜಗಿಯೋ ಜಾಗದಲ್ಲಿ ಬೇಗ ಸವೆಯುತ್ತೆ. ಬೆಳ್ಳಿ ಬಣ್ಣದ್ದು ಗಟ್ಟಿ, ಆದ್ರೆ ಅದು ಕೂರೋದಕ್ಕೆ ಒಳ್ಳೇ ಹಲ್ಲನ್ನೂ ಕೊರೀಬೇಕು. ಹಲ್ಲಿನ ಬಣ್ಣದ್ದು ದುಬಾರಿ, ಆದ್ರೆ ಜಾಸ್ತಿ ಕೊರೀದೆ ಅಂಟಿಕೊಂಡೇ ಕೂರುತ್ತೆ."

ಇರುವ ಬಂಡವಾಳವನ್ನು ಕೊರೆದು ಉಳಿತಾಯ ಮಾಡುವ ವ್ಯಾಪಾರ ನನ್ನದಲ್ಲ. ದುಬಾರಿಯದನ್ನೇ ಒಪ್ಪಿದೆ. ಆಮೇಲೆ ನನ್ನ ಕಸುಬು ಕೇಳಿ ಅವರು ಸೇರಿಸಿದರು: "ಇನ್ನು ಆ ಕಡೆ ಮೆಣಸು ಕಚ್ಚೋ ಹಾಗಿಲ್ಲ. ತುಂಬಿಸಿದ್ದು ಒಡೆದುಹೋಗುತ್ತೆ."

ನನ್ನ ವ್ಯಾಪಾರವೆಲ್ಲ ಆ ಹಲ್ಲಿನಲ್ಲೇ ಇತ್ತು. ಚೆನ್ನಾಗಿ ಒಣಗಿದ ಕಾಳು ಟಕ್ಕೆಂದು ಸಿಡಿಯುತ್ತದೆ, ಹಸಿ ಇದ್ದರೆ ಮೆತ್ತಗೆ ಬಾಗುತ್ತದೆ. ತೇವ ಅಳೆಯುವ ಮೆಷಿನ್ ನನ್ನಲ್ಲೂ ಇದೆ, ಆದರೆ "ಮೆಷಿನ್ನು ನಿಂದೇ ತಾನೆ" ಎಂದು ಬೆಳೆಗಾರರು ನಗುತ್ತಾರೆ. ಅವರು ನಂಬುತ್ತಿದ್ದುದು ನನ್ನ ಬಾಯಿಯ ಆ ಸದ್ದನ್ನು.

ಸೂಜಿ ಚುಚ್ಚಿದ ಮೇಲೆ ಅರ್ಧ ನಾಲಿಗೆ ಮಾಯವಾಯಿತು. ತುಂಬಿಸಿದ್ದನ್ನು ಗಟ್ಟಿ ಮಾಡುವ ನೀಲಿ ದೀಪ ಕಣ್ಣೆದುರು ಹೊತ್ತಿ ಆರಿತು. ಹೊರಗೆ ಬಂದು, ಮೆಣಸು ಕೊಳ್ಳಲು ಹೊರಟ ಗಾಡಿಯಲ್ಲಿ ಡ್ರೈವರನ ಪಕ್ಕ ಕೂತಾಗ ತುಟಿಯೊಂದು ಪೇಟೆಯಲ್ಲೇ ಉಳಿದು, ನಾನೊಬ್ಬಳೇ ಮುಂದೆ ಸಾಗುತ್ತಿರುವಂತಿತ್ತು. ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗಾಗಿದ್ದವು. ಕಾಫಿ ಹೂವಿನ ಪರಿಮಳ ಕಿಟಕಿಯಿಂದ ನುಗ್ಗಿ ಎದೆಯವರೆಗೆ ತುಂಬುತ್ತಿತ್ತು. ಗುಡ್ಡಗಳು ಬೇರು ಬಿಡಿಸಿಕೊಂಡು ಮೆಲ್ಲಗೆ ತೇಲುತ್ತಿದ್ದವು. ಹೀಗೇ ಇರಲಿ, ತಲುಪುವುದೇ ಬೇಡ ಅನ್ನಿಸಿತು.

ತಲುಪಿದೆವು. ಎರಡೆಕರೆ ತೋಟದ ಒಡತಿ ಒಬ್ಬ ಹಿರಿಯಾಕೆ, ನಾನು ದೊಡ್ಡಮ್ಮ ಎಂದೇ ಕರೆಯುವುದು. ಕಣದ ತುಂಬ ಮೆಣಸು ಹರಡಿಕೊಂಡು ಕಾಯುತ್ತಿದ್ದರು.

"ಕಚ್ಚು ಮಾರಾಯ್ತಿ, ಟಕ್ ಅನ್ಲಿ. ನಾಳೆ ಬ್ಯಾರೆ ವ್ಯಾಪಾರಿ ಬತ್ತಾನೆ."

ಬಲಗಡೆ ಕಚ್ಚಿದೆ. ಅರ್ಧ ನಾಲಿಗೆ ಉರಿಯಿತು, ಇನ್ನರ್ಧ ನಿದ್ದೆಯಲ್ಲೇ ಇತ್ತು. ಸದ್ದೇನೋ ಬಂತು, ಅರ್ಥವಾಗಲಿಲ್ಲ. ಮೆಷಿನ್ ಮನೆಯಲ್ಲೇ ಇತ್ತು. ಹಸಿ ಮಾಲು ಕೊಂಡರೆ ಗೋದಾಮಿನ ಮೂಟೆಗಳಿಗೆಲ್ಲ ಬೂಷ್ಟು ಹಿಡಿಯುತ್ತದೆ. ಒಣಗಿದ್ದನ್ನು ಹಸಿ ಎಂದರೆ ಈ ಕಣಕ್ಕೆ ಮತ್ತೆ ಕಾಲಿಡುವಂತಿಲ್ಲ.

"ನೀವೇ ಕಚ್ಚಿ ಹೇಳಿ ದೊಡ್ಡಮ್ಮ. ಇವತ್ತು ನನ್ ಬಾಯಿ ನಂದಲ್ಲ."

"ಮಾರೋಳನ್ನೇ ಕೇಳ್ತಿಯಲ್ಲೇ! ಒಣಗೈತೆ ಅನ್ನದೆ ನಾನಿನ್ನೇನು ಅಂದೇನು?"

"ನೀವು ಹೇಳಿದ್ದೇ ಸರಿ."

ಅವರ ನಗು ನಿಂತಿತು. ಸೆರಗಿಗೆ ಕೈ ಒರೆಸಿಕೊಂಡು, ಮೇಲಿನದನ್ನು ಬಿಟ್ಟು ಅಡಿಯಿಂದ ಒಂದು ಕಾಳು ತೆಗೆದು ಕಚ್ಚಿದರು. ಟಕ್ಕೆನ್ನಲಿಲ್ಲ, ಹೂವಿನಲ್ಲಿ ಜೇನಿನ ಗುಂಯ್ ಮಾತ್ರ ಕೇಳುತ್ತಿತ್ತು.

"ಇನ್ನೊಂದು ಬಿಸ್ಲು ಬೇಕು ಕಣೆ," ಎಂದರು. "ನಾಡಿದ್ದು ಬಾ. ಅವನಿಗೆ ಕೊಡಾಕಿಲ್ಲ, ಹೋಗು."

ಅಂದಿನಿಂದ ಮಾರುವವರ ಕೈಲೇ ಕಚ್ಚಿಸುತ್ತೇನೆ. ಸುಳ್ಳು ಹೇಳಿದವರೂ ಇದ್ದಾರೆ. ಅವರಿಗಾಗಿ ಮೆಷಿನ್ ಗಾಡಿಯಲ್ಲೇ ಇರುತ್ತದೆ.

ನಿಮ್ಮ ಹಲ್ಲಿನ ಮಾತು ಹೇಳುತ್ತೇನೆ, ಕೇಳಿ. ಹುಳಿ ತಿನ್ನಿ, ಆದರೆ ದವಡೆಯಲ್ಲಿಟ್ಟುಕೊಂಡು ಚೀಪಬೇಡಿ. ತಿಂದ ಮೇಲೆ ಬರೀ ನೀರು ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಮೆತ್ತನೆ ಬ್ರಶ್ಶಿನಿಂದ ಉಜ್ಜಿ. ಜುಮ್ಮೆಂದ ವಾರದಲ್ಲೇ ತೋರಿಸಿ. ಹಲ್ಲು ತುಂಬಿಸುವ ಮೊದಲು ಬೆಲೆ ಕೇಳಿ, ಆದರೆ ಒಳ್ಳೇ ಹಲ್ಲು ಎಷ್ಟು ಕೊರೆಯುತ್ತೀರಿ ಎಂದು ಅದಕ್ಕೂ ಮೊದಲು ಕೇಳಿ. ಮರಗಟ್ಟಿದ ಬಾಯಿಗೆ ಬಿಸಿ ಕಾಫಿ ಮಾತ್ರ ಹಾಕಬೇಡಿ, ಸುಟ್ಟದ್ದು ಗೊತ್ತಾಗುವುದು ಸಂಜೆಗೇ.